ದೊಡ್ಡ ಮೇಷ್ಟ್ರ ಬಿಕ್ಕಳಿಕೆ

ನಮ್ಮೂರಿನಲ್ಲಿ ಯಾರಾದರೂ ನಿಮ್ಮನ್ನು ನೆನೆಸಿಕೊಂಡರೆ ನಿಮಗೆ ಬಿಕ್ಕಳಿಕೆ ಬರುತ್ತದೆ. ಎಲ್ಲ ಊರಲ್ಲೂ ಹಾಗೆ ಹೇಳುತ್ತಾರೆ, ನಮ್ಮೂರಲ್ಲಿ ಬಂದೇ ಬರುತ್ತದೆ, ಅಷ್ಟೇ ವ್ಯತ್ಯಾಸ. ಹೋಗುತ್ತಾ ಬರುತ್ತಾ ಸುಮ್ಮನೆ ನೆನೆಸಿಕೊಂಡರೆ ಒಂದೇ ಒಂದು ಬಿಕ್ಕು, ಬಂದದ್ದೂ ಗೊತ್ತಾಗುವುದಿಲ್ಲ. ಮನಸ್ಸಿಟ್ಟು ನೆನೆಸಿಕೊಂಡರೆ ಮಾತ್ರ ನೀರು ಕುಡಿದರೂ ನಿಲ್ಲದು, ಸಕ್ಕರೆ ಮುಕ್ಕಿದರೂ ನಿಲ್ಲದು. ನೆನೆಸಿಕೊಂಡವರು ಯಾರು ಅಂತ ಬಿಕ್ಕುವವರೇ ಬಾಯಿಬಿಟ್ಟು ಹೆಸರು ಹೇಳಬೇಕು, ಆಗ ತಟ್ಟನೆ ನಿಲ್ಲುತ್ತದೆ. ಇದರಿಂದ ನಮ್ಮೂರಲ್ಲಿ ಎಷ್ಟು ಸಂಸಾರ ಉಳಿದಿವೆ, ಎಷ್ಟು ಮುರಿದಿವೆ ಅಂತ ಹೇಳಲು ಹೊರಟರೆ ಕಥೆ ಮುಂದಕ್ಕೇ ಹೋಗುವುದಿಲ್ಲ. ಗಂಡನಾದವನು ಊಟದ ಮಧ್ಯೆ ಬಿಕ್ಕುತ್ತಾ ತಾಯಿಯ ಹೆಸರು, ಅಕ್ಕಂದಿರ ಹೆಸರು, ಕೊನೆಗೆ ಅತ್ತೆಯ ಹೆಸರೂ ಹೇಳಿ ಮುಗಿಸಿ, ಆಮೇಲೆ ತುಟಿ ಬಿಗಿಹಿಡಿದು ಕೂತುಬಿಟ್ಟರೆ ಆ ಮನೆಯಲ್ಲಿ ಏನಾಗುತ್ತದೆ ಅಂತ ನೀವೇ ಊಹಿಸಿಕೊಳ್ಳಿ. ಚುನಾವಣೆಗೆ ನಿಂತವರು ಬೀದಿಯುದ್ದಕ್ಕೂ ಸುಳ್ಳುಸುಳ್ಳೇ ಬಿಕ್ಕುತ್ತಾ ಓಡಾಡುತ್ತಾರೆ. ಜನಕ್ಕೆ ಗೊತ್ತಾಗುತ್ತದೆ, ಪಾಪ ಅಂತ ಸುಮ್ಮನಿರುತ್ತಾರೆ.

ನಮ್ಮ ಶಾಲೆಯ ಹಾಜರಿ ನಡೆಯುತ್ತಿದ್ದದ್ದೂ ಇದರ ಮೇಲೆಯೇ. ನಾನು ಮಂಗಳಾ, ಆ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮೂಗಿನ ತುದಿಯಲ್ಲೇ ಕೋಪ ಅಂತ ನನಗೆ ಹೆಸರಿದೆ, ಹೆಸರು ಸುಳ್ಳಲ್ಲ. ನಮ್ಮ ಮುಖ್ಯೋಪಾಧ್ಯಾಯರು ಗುರುಶಾಂತಪ್ಪನವರು, ಊರಿಗೆಲ್ಲ ದೊಡ್ಡ ಮೇಷ್ಟ್ರು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಅವರು ಜಗಲಿಯಲ್ಲಿ ಕೂತು ಆ ದಿನ ಬಾರದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ, ಮುಖ ಗಂಟಿಕ್ಕಿ, "ಎಲ್ಲಿ ಹಾಳಾಗಿ ಹೋದ ಇವನು" ಅಂತ ಗೊಣಗುತ್ತಾ. ಅಷ್ಟು ಹೊತ್ತಿಗೆ ಊರಲ್ಲಿ ಅಲ್ಲೊಬ್ಬ ಇಲ್ಲೊಬ್ಬಳು ಬಿಕ್ಕಲು ಶುರು. ಜ್ವರ ಅಂತ ಹೊದ್ದು ಮಲಗಿದವನು ಬಿಕ್ಕುತ್ತಾ ಎದ್ದು ಕೂರುವನು. "ದೊಡ್ಡ ಮೇಷ್ಟ್ರು ಅನ್ನೋ ಮುಂಡೇದೇ" ಅಂತ ತಾಯಿ ಬೆನ್ನಿಗೊಂದು ಬಿಡುವಳು. ಅನ್ನುವನು, ನಿಲ್ಲುವುದು. ಮಾರನೆಯ ದಿನ ಹುಡುಗ ಶಾಲೆಯಲ್ಲಿ.

ಮಗುವನ್ನು ಶಾಲೆಗೆ ಸೇರಿಸುವಾಗಲೂ ನಮ್ಮಲ್ಲಿ ಒಂದು ಮಾತು ಆಗಬೇಕು. ಹೆತ್ತವರು "ನೆನೆಸ್ಕೊಳ್ಳಿ ಸಾ" ಅನ್ನಬೇಕು, ಮುಖ್ಯೋಪಾಧ್ಯಾಯರು "ನೆನೆಸ್ಕೋತೀನಿ" ಅನ್ನಬೇಕು. ಹಾಗೆ ಮಾತು ಕೊಟ್ಟವರ ನೆನಪು ಬರುವುದು ನಿಂತಿತು ಅಂದರೆ ಆ ಮಗುವಿನ ಓದು ಮುಗಿಯಿತು ಅಂತಲೇ ಲೆಕ್ಕ. ನಮ್ಮಂಥ ಉಳಿದ ಮೇಷ್ಟ್ರುಗಳು ಎಷ್ಟು ನೆನೆಸಿಕೊಂಡರೂ ಅದು ನೆಂಟರ ಪ್ರೀತಿ ಇದ್ದ ಹಾಗೆ. ಸಂತೋಷವೇ, ಆದರೆ ಅದಕ್ಕೆ ಅಧಿಕಾರವಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಮುಖ್ಯೋಪಾಧ್ಯಾಯರೆಲ್ಲ ಶಾಲಾ ನಾಯಕತ್ವದಲ್ಲಿ ಎಂ.ಎ. ಮಾಡಬೇಕು, ಮಾಡದವರನ್ನು ಕುರ್ಚಿಯಿಂದ ಇಳಿಸಿ ಪಾಠ ಮಾಡಲು ಕಳಿಸಲಾಗುವುದು. ಪಾಠ ಮಾಡುವುದು ಒಂದು ಶಿಕ್ಷೆ ಅಂತ ಇಲಾಖೆಗೇ ಅನ್ನಿಸಿದ ಮೇಲೆ ನಮ್ಮದೇನಿದೆ! ನಿವೃತ್ತಿಯ ಅಂಚಿನಲ್ಲಿದ್ದ ದೊಡ್ಡ ಮೇಷ್ಟ್ರು ಭಾನುವಾರ ಭಾನುವಾರ ಬುತ್ತಿ ಕಟ್ಟಿಕೊಂಡು ತರಬೇತಿ ಕೇಂದ್ರಕ್ಕೆ ಹೋಗತೊಡಗಿದರು. ಅಲ್ಲಿ ಪ್ರೊಫೆಸರ್ ಇಂದುಧರ ಅಂತ ಒಬ್ಬರು, ಇಸ್ತ್ರಿ ಮುರಿಯದ ಮನುಷ್ಯ, ನಾಯಕತ್ವ ಹೇಳಿಕೊಡುತ್ತಿದ್ದರು. ಮೊದಲನೆಯ ವಾರ "ನಿಮ್ಮ ಶಾಲೆಯ ಬಗ್ಗೆ ನಿಮ್ಮ ದೂರದೃಷ್ಟಿಯೇನು" ಅಂತ ಬರೆಯಲು ಕೊಟ್ಟರಂತೆ. ದೊಡ್ಡ ಮೇಷ್ಟ್ರು ತುಂಬ ಯೋಚಿಸಿ "ಮಕ್ಕಳು ದಿನಾ ಬರಬೇಕು" ಅಂತ ಬರೆದುಕೊಟ್ಟರು. ಪ್ರೊಫೆಸರು ಅದರ ಪಕ್ಕ ಕೆಂಪು ಶಾಯಿಯಲ್ಲಿ "ಆಳವಿಲ್ಲ" ಅಂತ ಬರೆದು ಸೊನ್ನೆಗಿಂತ ಸ್ವಲ್ಪ ಮೇಲಿನ ಅಂಕ ಕೊಟ್ಟರು. ಸೋಮವಾರ ಆ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು ಪಾಪ. "ಇನ್ನೂ ಎಷ್ಟು ಆಳಕ್ಕೆ ಹೋಗಬೇಕು ಮೇಡಂ? ಬಂದರೆ ತಾನೇ ಮುಂದಿನ ಮಾತು?"

ಎರಡನೆಯ ತಿಂಗಳಿಗೆ ಎಐ ಪಾಠ ಶುರುವಾಯಿತು. ಯಂತ್ರದ ಹತ್ತಿರ ಬರೆಸಿಕೊಳ್ಳುವುದು ಇನ್ನು ಮೇಲೆ ನಾಯಕನಾದವನ ಮುಖ್ಯ ವಿದ್ಯೆ ಅಂತ ಪ್ರೊಫೆಸರು ಹೇಳಿ, ಒಬ್ಬೊಬ್ಬರ ಮುಂದೆ ಒಂದೊಂದು ಕಂಪ್ಯೂಟರ್ ಇಟ್ಟರು. ಅದಕ್ಕೆ ಏನಂತ ಹೇಳಬೇಕೋ ದೊಡ್ಡ ಮೇಷ್ಟ್ರಿಗೆ ತಿಳಿಯಲಿಲ್ಲ. ಸಂಕೋಚದ ಮನುಷ್ಯ, ಪುಟ್ಟ ಹುಡುಗನಿಗೆ ಹೇಳುವಂತೆ "ಬರೆಯಪ್ಪಾ" ಅಂತಷ್ಟೇ ಟೈಪು ಮಾಡಿದರು. "ಖಂಡಿತ!" ಅಂದಿತು ಅದು. ಏನು ಅಂತ ಕೇಳಲೂ ಇಲ್ಲ, ನಾಲ್ಕು ಪುಟ ಬರೆದೇಬಿಟ್ಟಿತು. ಆವತ್ತಿನಿಂದ ಅದಕ್ಕೆ ನಮ್ಮೂರಲ್ಲಿ ಬರೆಯಪ್ಪ ಅಂತಲೇ ಹೆಸರು. ಬಸಪ್ಪ, ಕರಿಯಪ್ಪ, ಬರೆಯಪ್ಪ.

ಆ ನಾಲ್ಕು ಪುಟಕ್ಕೆ ದೊಡ್ಡ ಮೇಷ್ಟ್ರಿಗೆ ತರಗತಿಗೇ ಮೊದಲನೆಯ ಅಂಕ ಬಂತು. ರುಚಿ ಹತ್ತಿತು ನೋಡಿ. ಮೊದಮೊದಲು ಎಂ.ಎ.ಯ ಬರವಣಿಗೆಗೆ ಮಾತ್ರ ಬರೆಯಪ್ಪ, ಆಮೇಲೆ ಪ್ರಾರ್ಥನೆಯ ಹೊತ್ತಿನ ಭಾಷಣಕ್ಕೆ, ಆಮೇಲೆ ಅಡುಗೆಯವರು ಎಣ್ಣೆ ಕೇಳಿ ಬರೆದ ಚೀಟಿಗೆ ಉತ್ತರ ಕೊಡುವುದಕ್ಕೂ ಬರೆಯಪ್ಪ. ನಾನು ಜ್ವರ ಬಂದು ಮಲಗಿದ್ದಾಗ ನನಗೆ ಅವರಿಂದ ಒಂದು ಸಂದೇಶ ಬಂತು: "ನಿಮ್ಮ ಶೀಘ್ರ ಚೇತರಿಕೆಯು ನಮ್ಮ ಸಂಸ್ಥೆಯ ಸಮಗ್ರ ಬೆಳವಣಿಗೆಗೆ ಪೂರಕವಾಗಲಿ." ಓದಿ ಲೋಟದಲ್ಲಿ ನೀರಿಟ್ಟುಕೊಂಡು ಕಾದೆ. ಒಂದು ಬಿಕ್ಕಾದರೂ ಬರಬೇಕಲ್ಲ? ಬರಲಿಲ್ಲ. ಇಪ್ಪತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಮನುಷ್ಯ! ಜ್ವರಕ್ಕಿಂತ ಅದೇ ಜಾಸ್ತಿ ಸುಟ್ಟಿತು.

ಸಂಜೆಯ ಜಗಲಿಯೂ ಹೋಯಿತು. ಬಾರದ ಮಕ್ಕಳ ಮನೆಗೆ ಬರೆಯಪ್ಪನೇ ಸಂದೇಶ ಕಳಿಸುತ್ತಿದ್ದ. "ಪ್ರೀತಿಯ ಪೋಷಕರೇ, ನಿಮ್ಮ ಮಗುವಿನ ಅನುಪಸ್ಥಿತಿಯು ಕಲಿಕೆಯ ಸುಂದರ ಪಯಣದಲ್ಲಿ ಒಂದು ವಿರಾಮ..." ಜನ ಓದುವರು, ಮಗುವಿನ ಮುಖ ನೋಡುವರು, ಬಿಕ್ಕಳಿಕೆಗೆ ಕಾಯುವರು. ಸೈಕಲ್ ಅಂಗಡಿಯ ಮಲ್ಲೇಶಿ ನನ್ನನ್ನು ದಾರಿಯಲ್ಲೇ ತಡೆದು ಕೇಳಿದ, "ಮೇಡಂ, ಸ್ಕೂಲಿನ ಹೆಸರಲ್ಲಿ ಯಾರೋ ಮೆಸೇಜ್ ಬಿಡ್ತಾವ್ರೆ. ಹುಡುಗನಿಗೆ ಬಿಕ್ಕಳಿಕೇನೇ ಬಂದಿಲ್ಲ. ಬ್ಯಾಂಕಿನೋರು ಅಂತ ಹೇಳ್ಕಂಡು ನಂಬರ್ ಕೇಳ್ತಾರಲ್ಲ, ಆ ಕಳ್ಳರದೇ ಇರ್ಬೇಕು. ನಾನಂತೂ ಬ್ಲಾಕ್ ಮಾಡ್ದೆ." ಬೆಂಚುಗಳು ಖಾಲಿಯಾಗುತ್ತಾ ಬಂದವು. ಇತ್ತ ದೊಡ್ಡ ಮೇಷ್ಟ್ರ ಎಂ.ಎ. ಪ್ರಬಂಧದ ಹೆಸರು "ಎಐ ಮೂಲಕ ಹಾಜರಾತಿ ವೃದ್ಧಿ". ಅದು ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಪ್ರೊಫೆಸರು ಹೊಗಳಿದರಂತೆ.

ಹೀಗೆ ಬಿಟ್ಟುಹೋದವರಲ್ಲಿ ಜಲಜಾಕ್ಷಿ ಒಬ್ಬಳು. ಏಳನೆಯ ತರಗತಿ, ಬಾಯಿ ಬಡಕಿ, ನನ್ನ ವ್ಯಾಕರಣದಲ್ಲೇ ತಪ್ಪು ಹಿಡಿಯುವಂಥವಳು. ಅಜ್ಜಿ ಸಣ್ಣೀರಮ್ಮನೇ ಸಾಕಿದ್ದು. ಅಜ್ಜಿ ಕಾಲು ಉಳುಕಿಸಿಕೊಂಡಾಗ ಅಡುಗೆ ಮಾಡಲು ಅಂತ ಮನೆಯಲ್ಲಿ ನಿಂತಳು. ಕಾಲು ವಾಸಿಯಾಯಿತು, ಹುಡುಗಿ ಬರಲಿಲ್ಲ. ಒಂದು ದಿನ ಅಜ್ಜಿಯೇ ಕುಂಟುತ್ತಾ ಶಾಲೆಗೆ ಬಂದಳು.

"ಮಿಸ್ಸವ್ವ, ನೀನು ಅವಳನ್ನ ನೆನೆಸ್ಕಳ್ತೀಯ, ಅದು ಗೊತ್ತಾಗ್ತದೆ. ಮಂಗಳಾ ಮಿಸ್ಸು ಅಂತಾಳೆ, ನಿಂತೋಗ್ತದೆ. ದೊಡ್ಡ ಮೇಷ್ಟ್ರುದ್ದು ಮಾತ್ರ ಒಂದ್ಸಲಾನೂ ಬಂದಿಲ್ಲ ಕಣವ್ವ. ದಿನಾ ಸಂಜೆ ನೀರು ಇಟ್ಕಂಡು ಕಾಯ್ತಾಳೆ. ಕರ್ಯೋವರ್ಗೂ ಹೋಗಲ್ಲ ಅಂತಾಳೆ, ಹಟಮಾರಿ."

"ನೀವೇ ನಾಲ್ಕು ಬಿಟ್ಟು ಕಳಿಸಬಾರದಾ ಅಜ್ಜಿ?"

"ಹೊಡ್ದು ಕಳಿಸ್ತೀನಿ, ಸರಿ. ನೆನೆಸ್ಕಳ್ತೀನಿ ಅಂತ ಮಾತು ಕೊಟ್ಟೋರೇ ಮರ್ತ ಮೇಲೆ ಯಾವ ಮುಖ ಇಟ್ಕಂಡು ಕಳಿಸ್ಲಿ? ಅವಳ ಸೋದರತ್ತೆ ಬೇರೆ ಪಟ್ಟಣದಿಂದ ಬತ್ತಾವ್ಳೆ. ಮಗು ನೋಡ್ಕಳಕ್ಕೆ ಇವಳನ್ನ ಕಳಿಸು ಅಂತ ಒಂದೇ ಸಮ ಕೇಳ್ತಾವ್ಳೆ. ಸ್ಕೂಲ್ನೋರಿಗೇ ಬೇಡವಾದ್ರೆ ನಂಗಾದ್ರೂ ಕೊಡು ಅಂತಾಳೆ. ಏನು ಹೇಳ್ಲಿ ನಾನು?"

ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ರೇಗಿಹೋಯಿತು. ಸೀದಾ ದೊಡ್ಡ ಮೇಷ್ಟ್ರ ಕೋಣೆಗೆ ನುಗ್ಗಿದೆ. ಅವರು ಕಂಪ್ಯೂಟರಿನ ಮುಂದೆ ಕೂತು ಬರೆಯಪ್ಪ ಬರೆಯುವುದನ್ನು ನೋಡುತ್ತಿದ್ದರು, ಹಾಲು ಉಕ್ಕುವುದನ್ನು ನೋಡುತ್ತಾ ನಿಂತವರ ಹಾಗೆ.

"ಸಾರ್, ಜಲಜಾಕ್ಷಿಯನ್ನ ಒಂದು ಸಲ ನೆನೆಸಿಕೊಳ್ಳಿ. ಪಟ್ಟಣಕ್ಕೆ ಕಳಿಸಿಬಿಡ್ತಾರೆ."

"ಯಾರು ಮೇಡಂ? ಹಾಂ, ಸಂದೇಶ ಹೋಗಿರುತ್ತೆ ಅವರಿಗೆ. ಎಲ್ಲರಿಗೂ ಹೋಗುತ್ತೆ."

"ಸಂದೇಶ ಅಲ್ಲ ಸಾರ್, ನೀವು!"

"ನಾನೇ ಅಲ್ವಾ ಕಳಿಸೋದು? ಕೆಳಗಡೆ ನನ್ನ ಹೆಸರೇ ಇರುತ್ತಲ್ಲ." ತಮಾಷೆಗೆ ಹೇಳಿದ್ದಲ್ಲ ಅದು, ಪೂರ್ತಿ ನಂಬಿಕೊಂಡು ಹೇಳಿದ್ದು. ಆಮೇಲೆ ದನಿ ತಗ್ಗಿಸಿ, "ಅದಿರಲಿ ಮೇಡಂ, ಒಂದು ಉಪಕಾರ ಆಗಬೇಕು. ಈ ವಿದ್ಯಾರ್ಥಿನಿ 'ಅ' ಅಂದರೆ ಯಾರು?" ಅಂದರು.

ವಿಷಯ ಏನಪ್ಪ ಅಂದರೆ, ಬರೆಯಪ್ಪ ಬರೆದ ಪ್ರಬಂಧದಲ್ಲಿ ಒಬ್ಬ ಹುಡುಗಿ ಇದ್ದಳು. ಗೌಪ್ಯತೆಯ ದೃಷ್ಟಿಯಿಂದ ಅವಳ ಹೆಸರು ವಿದ್ಯಾರ್ಥಿನಿ ಅ. ಬಡತನದಿಂದ ಶಾಲೆ ಬಿಟ್ಟಿದ್ದ ಅವಳು ಮುಖ್ಯೋಪಾಧ್ಯಾಯರ ಎಐ ಸಂದೇಶ ಓದಿ ಕಣ್ಣೀರು ಸುರಿಸಿ, ಮಾರನೆಯ ದಿನವೇ ಶಾಲೆಗೆ ಬಂದು, ಈಗ ತರಗತಿಗೆ ಪ್ರಥಮ. ಪ್ರೊಫೆಸರ್ ಇಂದುಧರರು ಅವಳ ಕಥೆಯನ್ನು ಎರಡೆರಡು ಸಲ ಓದಿದರಂತೆ. ಜಿಲ್ಲೆಯ ಮುಖ್ಯೋಪಾಧ್ಯಾಯರನ್ನೆಲ್ಲ ಕರೆದುಕೊಂಡು ಬಂದು ಅವಳನ್ನು ಕಣ್ಣಾರೆ ನೋಡುತ್ತೇವೆ, ಅವಳ ಎದುರೇ ದೊಡ್ಡ ಮೇಷ್ಟ್ರ ಅಂತಿಮ ಪರೀಕ್ಷೆ ಮುಗಿಸಿ ಪದವಿ ಕೊಡುತ್ತೇವೆ ಅಂತ ಪತ್ರ ಬರೆದಿದ್ದರು. ಅಂಥ ಹುಡುಗಿ ನಮ್ಮ ಶಾಲೆಯಲ್ಲಿ ಇರಲಿಲ್ಲ. ಯಾವ ಶಾಲೆಯಲ್ಲೂ ಇರಲಿಲ್ಲ.

"ಬರೆದವರು ನೀವು, ನಿಮಗೇ ಗೊತ್ತಿರಬೇಕು" ಅಂದೆ.

"ನಾನು ಪೂರ್ತಿ ಓದಿಲ್ಲ ಮೇಡಂ, ತುಂಬ ಉದ್ದ ಇತ್ತು" ಅಂದರು.

ಪ್ರೊಫೆಸರು ಬರುವ ದಿನವೇ ಜಲಜಾಕ್ಷಿಯ ಅತ್ತೆಯೂ ಬಂದಿಳಿದಿದ್ದಳು, ಮಧ್ಯಾಹ್ನದ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಹೊರಡುವವಳು. ಬೆಳಿಗ್ಗೆ ನಾನು ಅವರ ಮನೆಗೆ ಹೋಗಿ ಬೇಡಿಕೊಂಡೆ, ಆಗಲಿಲ್ಲ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲೇ ಇಲ್ಲ. ಬಸ್ಸು ಹೊರಡುವ ತನಕ ಫೋನು ಕೈಯಲ್ಲೇ ಇಟ್ಟುಕೊಂಡಿರಿ ಅಂತ ಅಜ್ಜಿಗೆ ಹೇಳಿ ಶಾಲೆಗೆ ಬಂದೆ. ಅಲ್ಲಿ ಏಳನೆಯ ತರಗತಿಯ ಕೋಣೆಗೆ ತೋರಣ ಕಟ್ಟಿದ್ದರು. ಖಾಲಿ ಬೆಂಚು ಕಾಣಬಾರದು ಅಂತ ಪಕ್ಕದ ಶಾಲೆಯಿಂದ ಮಕ್ಕಳನ್ನು ಎರವಲು ತಂದು ನಮ್ಮ ಮಕ್ಕಳ ನಡುನಡುವೆ ಕೂರಿಸಿದ್ದರು. ಪ್ರೊಫೆಸರ ಹಿಂದೆ ಜಿಲ್ಲೆಯ ಮುಖ್ಯೋಪಾಧ್ಯಾಯರೆಲ್ಲ ಸಾಲಾಗಿ ಕೂತಿದ್ದರು. ಅವರ ಪ್ರಬಂಧಗಳನ್ನೂ ಬರೆಯಪ್ಪನೇ ಬರೆದದ್ದು, ಅವರಲ್ಲೂ ಒಬ್ಬೊಬ್ಬರ ಶಾಲೆಯಲ್ಲಿ ಒಬ್ಬೊಬ್ಬಳು ವಿದ್ಯಾರ್ಥಿನಿ ಅ ಇದ್ದಳು. ಎಲ್ಲರ ಮುಖದಲ್ಲೂ, ನಮ್ಮ ಸರದಿ ಯಾವಾಗ ಬರುತ್ತದೋ ಅನ್ನುವ ಕಳವಳ.

ದೊಡ್ಡ ಮೇಷ್ಟ್ರು ಎದ್ದು ನಿಂತು ಬರೆಯಪ್ಪ ಬರೆದುಕೊಟ್ಟ ಭಾಷಣ ಓದಲು ಶುರು ಮಾಡಿದರು. "ನಾಯಕತ್ವ ಎಂಬುದು ಒಂದು ಪದವಿಯಲ್ಲ, ಅದೊಂದು ಪಯಣ. ಪ್ರತಿಯೊಂದು ಮಗುವೂ ನನ್ನ ಹೃದಯದಲ್ಲಿ..." ಅಷ್ಟರಲ್ಲಿ ಒಂದು ಬಿಕ್ಕಳಿಕೆ ಬಂತು. ನೀರು ಕುಡಿದರು. ಮತ್ತೆ ಬಂತು. "ಪ್ರತಿಯೊಂದು ಮಗುವೂ, ಹಿಕ್, ನನ್ನ, ಹಿಕ್." ಮೈಯೆಲ್ಲ ಅಲುಗುವಂಥ ಬಿಕ್ಕಳಿಕೆ, ಮೈಕಿನಲ್ಲಿ ಊರಿಗೇ ಕೇಳುವಷ್ಟು ಜೋರು.

"ಹೆಸರು ಹೇಳಿಬಿಡಿ ಸಾರ್, ನಿಲ್ಲುತ್ತೆ" ಅಂದರು ಎಲ್ಲರೂ. ನಾಚಿಕೊಂಡು ಹೆಂಡತಿಯ ಹೆಸರು ಹೇಳಿದರು. ನಿಲ್ಲಲಿಲ್ಲ. ಮಗಳು, ಅಳಿಯ, ತೀರಿಹೋದ ಅಣ್ಣ. ನಿಲ್ಲಲಿಲ್ಲ. "ಡೈರೆಕ್ಟರ್ ಸಾಹೇಬರು ನೆನೆಸಿಕೊಂಡಿರಬಹುದು" ಅಂದರು ಒಬ್ಬರು, ಆಸೆಯಿಂದ. ಹೇಳಿದರು. ಇಲ್ಲ. ಮಂತ್ರಿಗಳ ಹೆಸರೂ ಆಯಿತು, ಇಲ್ಲ. ಪ್ರೊಫೆಸರು ಮುಗುಳ್ನಕ್ಕು, "ಇಂಥ ಹೊತ್ತಲ್ಲೇ ಅಲ್ಲವೇ ತಂತ್ರಜ್ಞಾನ ಬೇಕಾಗುವುದು" ಅಂತ ತಮ್ಮ ಕಂಪ್ಯೂಟರ್ ತೆರೆದು, ಗುರುಶಾಂತಪ್ಪನವರನ್ನು ಈಗ ಯಾರು ನೆನೆಸಿಕೊಳ್ಳುತ್ತಿದ್ದಾರೆ ಅಂತ ಬರೆಯಪ್ಪನನ್ನು ಕೇಳಿದರು. "ಖಂಡಿತ!" ಅಂತ ಹೇಳಿ ಬರೆಯಪ್ಪ ಹತ್ತು ಹೆಸರು ಕೊಟ್ಟ. ಅದರಲ್ಲಿ ನಾಲ್ಕು ಜನ ಹುಟ್ಟಿಯೇ ಇರಲಿಲ್ಲ, ಒಂದು ಹೆಸರು ದೊಡ್ಡ ಮೇಷ್ಟ್ರದೇ. ಅದನ್ನೂ ಹೇಳಿದರು ಪುಣ್ಯಾತ್ಮ, ಎದೆ ಹಿಡಿದುಕೊಂಡು. ಇಲ್ಲ.

ಬಿಕ್ಕಿಬಿಕ್ಕಿ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಭಾಷಣದ ಹಾಳೆಗಳು ಕೆಳಗೆ ಬಿದ್ದವು, ಎತ್ತಿಕೊಳ್ಳಲಿಲ್ಲ. ಮೇಜು ಹಿಡಿದು ಬಗ್ಗಿ ನಿಂತವರು ತಲೆ ಎತ್ತಿ ಬೆಂಚುಗಳ ಕಡೆ ನೋಡಿದರು. ಎಷ್ಟೋ ತಿಂಗಳ ಮೇಲೆ ನೋಡುತ್ತಿರುವವರ ಹಾಗೆ ಒಂದೊಂದೇ ಮುಖ ನೋಡುತ್ತಾ ಹೋದರು. ನಮ್ಮ ಮಕ್ಕಳು ಯಾರು, ಎರವಲು ಮಕ್ಕಳು ಯಾರು ಅಂತ ಗೊತ್ತಾಗದೆ ಒದ್ದಾಡಿದರು. ಆಮೇಲೆ ಬಿಕ್ಕುತ್ತಲೇ ಕೇಳಿದರು, "ಯಾರ್ರೋ ಬಂದಿಲ್ಲ ಇವತ್ತು?"

"ಜಲಜಾಕ್ಷಿ ಸಾರ್!" ಅವಳು ಊರು ಬಿಡುವ ಸುದ್ದಿ ಗೊತ್ತಿದ್ದ ನಮ್ಮ ಮಕ್ಕಳು ಒಂದೇ ಬಾಯಲ್ಲಿ ಕೂಗಿದರು.

"ಜಲಜಾಕ್ಷಿ" ಅಂದರು ದೊಡ್ಡ ಮೇಷ್ಟ್ರು. ಬಿಕ್ಕಳಿಕೆ ನಿಂತಿತು.

ಪಾಪದ ಹುಡುಗಿ! ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಈ ಮನುಷ್ಯನನ್ನು ನೆನೆಸಿಕೊಳ್ಳುತ್ತಿದ್ದಳು, ಅದೂ ಎಂಥ ನೆನಪು. ನನಗೆ ತಡೆಯಲಾಗಲಿಲ್ಲ. "ಸಾರ್, ಅವಳು ಬಸ್ಸಲ್ಲಿ ಕೂತಿದಾಳೆ. ಈಗ ಹೊರಡುತ್ತೆ ಬಸ್ಸು. ಕರೀರಿ ಸಾರ್!" ಅಂತ ಕಿರುಚಿಯೇಬಿಟ್ಟೆ. ಪ್ರೊಫೆಸರು ಬೆಚ್ಚಿಬಿದ್ದರು.

ದೊಡ್ಡ ಮೇಷ್ಟ್ರು ಅಲ್ಲೇ ಮಕ್ಕಳ ಬೆಂಚಿನ ತುದಿಯಲ್ಲಿ ಕೂತು ಕಣ್ಣು ಮುಚ್ಚಿದರು. ನಾನು ಅಜ್ಜಿಗೆ ಫೋನು ಹಚ್ಚಿದೆ. "ಬಂತಾ ಅಜ್ಜಿ?"

"ಬಂತು ಕಣವ್ವ, ಆದ್ರೆ ನಿಂದು! ಮಂಗಳಾ ಮಿಸ್ಸು ಅಂದ್ಲು, ನಿಂತೋಯ್ತು. ನೀನು ಸುಮ್ಕೆ ಬೇರೆ ಏನಾದ್ರೂ ಯೋಚ್ನೆ ಮಾಡವ್ವ ಅತ್ಲಾಗೆ!"

ಬೇರೆ ಏನು ಯೋಚಿಸಲಿ ಆ ಹೊತ್ತಿನಲ್ಲಿ? ಮನೆಯಲ್ಲಿ ನೆನೆಹಾಕಿದ್ದ ಕಡಲೆಕಾಳು, ಸೋರುವ ನಲ್ಲಿ, ಪ್ರೊಫೆಸರ ಬೂಟು, ಹೀಗೆ ಏನೇನೋ ತಂದುಕೊಂಡೆ. ದೊಡ್ಡ ಮೇಷ್ಟ್ರು ಕಣ್ಣು ಬಿಟ್ಟರು. ಅಂಥ ಮುಖ ನಾನು ಅವರದು ಎಂದೂ ನೋಡಿರಲಿಲ್ಲ.

"ಮುಖ ಜ್ಞಾಪಕಕ್ಕೆ ಬರ್ತಾ ಇಲ್ಲ ಮೇಡಂ. ಹೆಸರು ಗೊತ್ತಾಯ್ತು. ಹೇಗಿದಾಳೆ ಅವಳು?"

"ನಾನು ಹೇಳಿದರೆ ಅದು ನನ್ನ ನೆನಪಾಗುತ್ತೆ ಸಾರ್. ನೀವೇ ಸೇರಿಸಿಕೊಂಡದ್ದು. ಅಜ್ಜಿ ಕರೆದುಕೊಂಡು ಬಂದಿದ್ದಳು."

"ಅಜ್ಜಿ" ಅಂದರು. ಮತ್ತೆ ಕಣ್ಣು ಮುಚ್ಚಿದರು. ಮುಖ ಗಂಟಿಕ್ಕಿತು. ಫೋನಿನಲ್ಲಿ ಬಸ್ಸಿನ ಇಂಜಿನ್ ಶುರುವಾದ ಸದ್ದು, ಕಂಡಕ್ಟರನ ಸೀಟಿ, ಅತ್ತೆ ಯಾರಿಗೋ ಜರುಗಿ ಅನ್ನುತ್ತಿರುವುದು, ಎಲ್ಲ ಕೇಳುತ್ತಿತ್ತು. "ಅಜ್ಜಿ ಹಿಂದೆ ನಿಂತಿದ್ದಳು. ನಿನ್ನ ವಯಸ್ಸೆಷ್ಟಮ್ಮ ಅಂತ ಕೇಳಿದೆ." ಹಣೆ ತಿಕ್ಕಿಕೊಂಡರು. "ಮೊದಲು ನಿಮ್ಮದು ಹೇಳಿ ಅಂದಳು. ಹೇಳಿದೆ. ಅಯ್ಯೋ, ಇಷ್ಟು ವಯಸ್ಸಾದರೂ ಇನ್ನೂ ಸ್ಕೂಲಲ್ಲೇ ಇದೀರಾ, ಪಾಸೇ ಆಗಲಿಲ್ವಾ ಅಂದಳು ಮೇಡಂ!" ಅಂತ ಹೇಳಿ ದೊಡ್ಡ ಮೇಷ್ಟ್ರು ನಕ್ಕುಬಿಟ್ಟರು. ನಗುನಗುತ್ತಲೇ ಅಳತೊಡಗಿದರು. "ಮುಂದಿನ ಎರಡು ಹಲ್ಲು ಇರಲಿಲ್ಲ. ಎಲ್ಲಿ ಹಾಳಾಗಿ ಹೋದಳು ಇವಳು! ನೆನೆಸ್ಕೋತೀನಿ ಅಂದಿದ್ದೆನಲ್ಲ ಮೇಡಂ, ಬಾಯಿಬಿಟ್ಟು ಅಂದಿದ್ದೆ."

ಫೋನಿನ ಆ ತುದಿಯಲ್ಲಿ "ಹಿಕ್" ಅಂತ ಕೇಳಿಸಿತು. ಇನ್ನೊಂದು. ಮತ್ತೊಂದು. ನಾನು ಫೋನನ್ನು ಮೈಕಿನ ಹತ್ತಿರ ಹಿಡಿದೆ.

"ಮಂಗಳಾ ಮಿಸ್ಸು ಅನ್ನು" ಅಂತಿದ್ದಳು ಅಜ್ಜಿ. ಹುಡುಗಿ ಅಂದಳು. ನಿಲ್ಲಲಿಲ್ಲ. "ಅಪ್ಪ ಅನ್ನು." ನಿಲ್ಲಲಿಲ್ಲ. ಬಸ್ಸು ಕದಲಿದ ಸದ್ದಿಗೆ ಅಜ್ಜಿಯ ಗಂಟಲು ಕೀರಲಾಯಿತು. "ನಿಲ್ಸಪ್ಪೋ, ಬಸ್ ನಿಲ್ಸು! ದೊಡ್ಡ ಮೇಷ್ಟ್ರು ಅನ್ನೇ! ದೊಡ್ಡ ಮೇಷ್ಟ್ರು ಅನ್ನು!"

"ದೊಡ್ಡ ಮೇಷ್ಟ್ರು" ಅಂದಿತು ಒಂದು ಸಣ್ಣ ದನಿ.

ಆಮೇಲೆ ಬಿಕ್ಕು ಕೇಳಲಿಲ್ಲ. ಬಸ್ಸಿನ ಸದ್ದು, ಯಾರೋ ಬೈದದ್ದು, ಬಾಗಿಲು ದಡಾರ್ ಅಂದದ್ದು, ಅಷ್ಟೇ ಕೇಳಿತು. ಮುಖ್ಯೋಪಾಧ್ಯಾಯರೆಲ್ಲ ಕುರ್ಚಿ ಬಿಟ್ಟು ಎದ್ದು ಫೋನಿನ ಸುತ್ತ ನಿಂತಿದ್ದರು. ಅವರಲ್ಲಿ ಒಂದಿಬ್ಬರು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡು ಏನೋ ಜ್ಞಾಪಿಸಿಕೊಳ್ಳಲು ತಿಣುಕುತ್ತಿದ್ದರು. ಪ್ರೊಫೆಸರ್ ಇಂದುಧರರು ಮಾತ್ರ ಪೆನ್ನು ತೆಗೆದು, ದೊಡ್ಡ ಮೇಷ್ಟ್ರ ಕಡೆ ಬಗ್ಗಿ, "ಅದ್ಭುತ ಫಲಿತಾಂಶ ಸಾರ್. ಯಂತ್ರಕ್ಕೆ ಏನಂತ ಸೂಚನೆ ಕೊಟ್ಟಿರಿ?" ಅಂದರು. ದೊಡ್ಡ ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ. ಅವರು ಬೆಂಚಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತೇ ಇದ್ದರು, ಬಿಟ್ಟರೆ ಎಲ್ಲಿ ಹೋಗಿಬಿಡುತ್ತಾಳೋ ಅಂತ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅಜ್ಜಿಯ ದನಿ ಬಂತು, ಏದುಸಿರು ಬಿಡುತ್ತಾ.

"ಇಳಿಸ್ಕಂಡೆ ಕಣವ್ವ. ಬಟ್ಟೆ ಬ್ಯಾಗು ಬಸ್ಸಲ್ಲೇ ಹೋಯ್ತು, ಹೋಗ್ಲಿ ಬಿಡು."